ಅಂಗೈ ತೋರಿಸಿ ಕೈ ಎತ್ತುವವರು

ನಮ್ಮ ಪೊರ್ಬುಗಳು ಕೈ ಎತ್ತುವ ಮೊದಲು ಅಂಗೈ ತೋರಿಸುತ್ತಿದ್ದರು. ಫ್ಯಾನಿನ ಸ್ವಿಚ್ ಹಾಕಬೇಕಿರಲಿ, ಮೊಳೆಯಿಂದ ಟೋಪಿ ತೆಗೆಯಬೇಕಿರಲಿ, ಎದುರಿಗೆ ಮಗುವೊಂದು ಕೂತಿದೆ ಎಂದರೆ ಸಾಕು, ಅವರ ಕೈ ಮೊದಲು ಹೊಟ್ಟೆಯ ಮಟ್ಟಕ್ಕೆ ಬಂದು, ಅಂಗೈ ಬಿಚ್ಚಿ, ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ನಿಧಾನವಾಗಿ ಮೇಲೇರುತ್ತಿತ್ತು. ನೋಡಿದವರಿಗೆ ನಗು ಬರುತ್ತಿತ್ತು. "ಪೊರ್ಬುಗಳು ಮೊದಲು ಟ್ರಾಫಿಕ್‌ನಲ್ಲಿ ಇದ್ದದ್ದಾ?" ಎಂದು ನಾನೇ ಒಮ್ಮೆ ಕೇಳಿದ್ದೆ. ಅವರು "ಚಾ ಕುಡಿಯುವನಾ ಮಾರಾಯ್ತಿ?" ಎಂದರು. ಉತ್ತರ ಕೊಡಲು ಮನಸ್ಸಿಲ್ಲದಾಗಲೆಲ್ಲ ಅವರಿಗೆ ಚಾ ನೆನಪಾಗುತ್ತಿತ್ತು.

ಕ್ರೈಸ್ತ ಗಂಡಸರನ್ನು ನಾವು ತುಳುವರು ಗೌರವದಿಂದ ಪೊರ್ಬು ಎನ್ನುತ್ತೇವೆ. ಪೊಲೀಸ್ ಇಲಾಖೆಯಲ್ಲಿ ಅವರು ಎಎಸ್‌ಐ, ಎದೆಯ ಮೇಲೆ ಹೆಸರಿನ ಪಟ್ಟಿಯೂ ಇತ್ತು. ಆದರೆ ಎಸ್ಪಿ ಸಾಹೇಬರಿಂದ ಹಿಡಿದು ಕಸ ಗುಡಿಸುವ ಅಕ್ಕನವರೆಗೆ ಎಲ್ಲರಿಗೂ ಅವರು ಪೊರ್ಬುಗಳೇ. ನಾನೂ ಇಲ್ಲಿ ಹೆಸರು ಬರೆಯುವುದಿಲ್ಲ. ಈ ಮಾತಿನ ನಡುವೆ ಒಂದು ಮಗು ಬರುತ್ತದೆ. ಅಂಥ ಮಗುವಿನ ಹೆಸರನ್ನು ಹೇಳಬಾರದೆಂದು ಕಾನೂನು ಉಂಟು. "ಮಗುವಿನದ್ದೇ ಇಲ್ಲದ ಮೇಲೆ ನನ್ನದೆಂತಕ್ಕೆ?" ಎಂದು ಅವರು ಪತ್ರಿಕೆಯವರನ್ನು ಕಳಿಸಿದ್ದನ್ನು ನಾನೇ ಕಂಡಿದ್ದೇನೆ.

ಅವರು ತೀರಿಕೊಂಡು ಎರಡು ತಿಂಗಳಾಗುತ್ತ ಬಂತು. ಭಾನುವಾರ ಸಂಜೆಯಾದರೆ ನನಗೆ ಈಗಲೂ ಕೈ ಕಾಲು ಆಡುವುದಿಲ್ಲ.

ಉಡುಪಿಯಲ್ಲಿ ನಮ್ಮ ಕಚೇರಿಯ ಹಿಂಬದಿಗೆ ಒಂದು ಸಣ್ಣ ಕೋಣೆ. ಬಗೆಹರಿಯದೆ ಉಳಿದ ಹಳೆಯ ಕೇಸುಗಳನ್ನು ಮತ್ತೆ ನೋಡುವುದಕ್ಕೆಂದು ನಮ್ಮಿಬ್ಬರನ್ನು ಅಲ್ಲಿಗೆ ಹಾಕಿದ್ದರು. ಹೇಳಲಿಕ್ಕೆ ವಿಶೇಷ ತಂಡ, ನಿಜಕ್ಕೆ ಬೇಡದವರ ಮೂಲೆ. ನಾನು ಮೇಲಿನವರಿಗೆ ಎದುರು ಮಾತಾಡಿ ಅಲ್ಲಿಗೆ ಬಿದ್ದವಳು. ಪೊರ್ಬುಗಳು ಮಾತ್ರ ಕೇಳಿ ಹಾಕಿಸಿಕೊಂಡು ಬಂದವರು. ನಿವೃತ್ತಿ ಹತ್ತಿರ ಬಂದವರು ಪಾಸ್‌ಪೋರ್ಟ್ ವಿಭಾಗ ಕೇಳುತ್ತಾರೆ, ಇವರಿಗೇನು ಬಂತು ಎಂದು ನನಗೆ ಆಶ್ಚರ್ಯ. ಮೊದಲ ದಿನವೇ ಕೇಳಿದೆ. ಚಾ ಕುಡಿಯಲು ಕರೆದುಕೊಂಡು ಹೋದರು.

ಚಾ ಎಂದರೆ ಬನ್ನಂಜೆಯ ಒಂದು ಹೊಟೇಲು, ಗೋಡೆಗೆ ತಾಗಿದ ಮೇಜು, ಎರಡು ಬನ್ಸ್. ಬನ್ಸನ್ನು ಅವರು ಚಟ್ನಿಗೆ ಮುಟ್ಟಿಸುತ್ತಿರಲಿಲ್ಲ, ಚಾದಲ್ಲಿ ಅದ್ದಿ ತಿನ್ನುತ್ತಿದ್ದರು. "ಎಂತ ಪೊರ್ಬುಗಳೇ, ಸಣ್ಣ ಮಕ್ಕಳ ಹಾಗೆ" ಎಂದರೆ, "ಸಣ್ಣವನಿದ್ದಾಗ ತಿನ್ನಲಿಕ್ಕೆ ಪುರ್ಸೊತ್ತಿರಲಿಲ್ಲ" ಎನ್ನುತ್ತಿದ್ದರು. ಕಾರ್ಕಳದ ಕಡೆಯ ಮನೆಯಿಂದ ದಿನವೂ ಬಸ್ಸಿನಲ್ಲೇ ಬರುತ್ತಿದ್ದರು. ಕಂಡಕ್ಟರ್ ಟಿಕೇಟು ಬೇಡವೆಂದರೂ ಕೇಳುತ್ತಿರಲಿಲ್ಲ, ಹಟ ಹಿಡಿದು ತೆಗೆದುಕೊಳ್ಳುತ್ತಿದ್ದರು. ಅವರ ಹೆಂಡತಿ ಬಾಯಮ್ಮ ನನಗೆಂದು ಕಳಿಸುತ್ತಿದ್ದ ಮಲ್ಲಿಗೆಯನ್ನು ಬಾಳೆಲೆಯಲ್ಲಿ ಸುತ್ತಿ, ಟೋಪಿಯೊಳಗಿಟ್ಟು ತರುತ್ತಿದ್ದರು. ಪೊಲೀಸ್ ಟೋಪಿಗೆ ಅದಕ್ಕಿಂತ ಒಳ್ಳೆಯ ಉಪಯೋಗವನ್ನು ನಾನು ಕಂಡಿಲ್ಲ.

ಅವರ ಒಂದು ಮಾತು ನಮ್ಮಲ್ಲಿ ಗಾದೆಯಂತೆ ಆಗಿಹೋಗಿದೆ. ಬಹಳ ಹಿಂದೆ ಮೀನು ಮಾರುವ ಹೆಂಗಸೊಬ್ಬಳಿಗೆ ಗುದ್ದಿ ಓಡಿಹೋದ ಡ್ರೈವರನ ಕೇಸು. ಹುಡುಕಿಕೊಂಡು ಹೋದರೆ ಮನುಷ್ಯ ಮುದುಕನಾಗಿದ್ದಾನೆ, ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಪೊರ್ಬುಗಳು ಕೂತು, ಅವರು ಕೊಟ್ಟ ಹಲಸಿನ ತೊಳೆ ತಿಂದು, ಹೆಂಡತಿಯ ಮದ್ದಿನ ವಿಚಾರವನ್ನೆಲ್ಲ ಕೇಳಿ, ನೆರೆಮನೆಯವರಿಗೆ ಅವಳನ್ನು ಒಪ್ಪಿಸಿ, ಆಮೇಲೆ ಅವನನ್ನು ಕರೆದುಕೊಂಡು ಹೊರಟರು. ದಾರಿಯಲ್ಲಿ ನಾನು "ಪಾಪ" ಎಂದೆ. "ಪಾಪವೇ. ಆದರೆ ಪಾಪ ಬೇರೆ, ಕೇಸು ಬೇರೆ. ಒಂದಕ್ಕಾಗಿ ಇನ್ನೊಂದನ್ನು ಬಿಡ್ಲಿಕ್ಕಿಲ್ಲ" ಎಂದರು. ಆ ಮಾತು ಅವರನ್ನೇ ಹಿಂಡುವ ದಿನ ಮುಂದಿದೆ ಎಂದು ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತೋ ಏನೋ.

ಒಂದು ಬೆಳಿಗ್ಗೆ ಪರ್ಕಳದಿಂದ ಒಬ್ಬ ತಾಯಿ ಮಗುವನ್ನು ಕೈಹಿಡಿದುಕೊಂಡು ಕಚೇರಿಗೆ ಬಂದಳು. ನಲವತ್ತರ ಹತ್ತಿರ ಬಂದ ಕೊಂಕಣಿ ಕ್ರೈಸ್ತ ಹೆಂಗಸು, ಗಂಡ ಕುವೈಟಿನಲ್ಲಿ. ಮಗು ಶಾಲೆಯ ಸಮವಸ್ತ್ರದಲ್ಲಿತ್ತು; ಪುಟ್ಟಿ ಎನ್ನೋಣ ಅವಳನ್ನು, ಆರು ವರ್ಷ. ಮುಂದಿನ ಮೇಜಿನವರು "ಹೆಂಗಸರ ವಿಷಯ, ಹಿಂದೆ ಮೇಡಂ ಇದ್ದಾರೆ" ಎಂದು ನಮ್ಮ ಕೋಣೆಗೆ ಅಟ್ಟಿದ್ದರು. ಅವಳು ಕೂರಲಿಲ್ಲ.

"ನನ್ನನ್ನು ಒಳಗೆ ಹಾಕಿ ಮೇಡಂ" ಎಂದಳು.

"ಎಂತ ಮಾಡಿದ್ದು ನೀವು?"

ಪುಟ್ಟಿಯ ತೋಳನ್ನು ಮೇಲೆ ಸರಿಸಿದಳು. ಬಿಸಿ ಸಟ್ಟುಗ ತಾಗಿಸಿದ ಗುರುತು. "ಹಾಲು ಚೆಲ್ಲಿದ್ದಕ್ಕೆ. ಮೊದಲೂ ಹೊಡೆದದ್ದುಂಟು. ಇವತ್ತು ಹೊಡೆಯುವಾಗ ನನಗೆ ನಿಲ್ಲಿಸ್ಲಿಕ್ಕೆ ಆಗ್ಲಿಲ್ಲ. ನಾಳೆ ಎಂತ ಮಾಡ್ತೇನೋ ನನಗೆ ಗೊತ್ತಿಲ್ಲ."

ನನಗೆ ಮೈಯೆಲ್ಲ ಉರಿಯಿತು. ನಾನು ಅಂಥವರನ್ನು ಕಂಡರೆ ಮೊದಲು ಬೈಯುವವಳು. ಬೈಯಲೆಂದೇ ಬಾಯಿ ತೆರೆದಿದ್ದೆ. ಸೆಕೆ ಬೇರೆ, ಫ್ಯಾನ್ ಹಾಕಲು ಮೇಜಿನ ಮೇಲಿಂದ ಸರಕ್ಕನೆ ಕೈ ಎತ್ತಿದೆ. ಪುಟ್ಟಿಯ ಎಡ ಮೊಣಕೈ ಎದ್ದು ಮುಖಕ್ಕೆ ಅಡ್ಡ ಬಂತು. ಅದೇ ಗಳಿಗೆಯಲ್ಲಿ ತಾಯಿಯ ಎಡ ಮೊಣಕೈಯೂ ಎದ್ದು ಮುಖಕ್ಕೆ ಅಡ್ಡ ಬಂತು. ಇಬ್ಬರೂ ಪಕ್ಕಪಕ್ಕದಲ್ಲಿ ಹಾಗೆ ನಿಂತಿದ್ದರು. ಎತ್ತಿದ ಕೈಯನ್ನು ನಾನು ಕೆಳಗಿಳಿಸಿದೆ.

ಪೊರ್ಬುಗಳು ಎದ್ದು ನಿಂತಿದ್ದರು.

"ಬಾಯೆ, ನಿನ್ನ ತಾಯಿಮನೆ ಕಾಪು ಹತ್ತಿರ ಅಲ್ವಾ?" ಎಂದು ಮಗಳನ್ನು ಕೇಳುವ ಹಾಗೆ ಮೆಲ್ಲಗೆ ಕೇಳಿದರು. "ನಿನಗೊಬ್ಬ ಅಣ್ಣ ಇದ್ದ."

ಅವಳು ಪುಟ್ಟಿಯ ಕಿವಿ ಮುಚ್ಚಿದಳು. "ಅಣ್ಣ ಬಾವಿಯ ಮೆಟ್ಟಿಲಿನಲ್ಲಿ ಜಾರಿ ಬಿದ್ದದ್ದಲ್ಲ ಸರ್" ಎಂದಳು.

ಆ ಮಧ್ಯಾಹ್ನ ಬನ್ನಂಜೆಯಲ್ಲಿ ಚಾ ತಣ್ಣಗಾಯಿತು, ಬನ್ಸ್ ಹಾಗೇ ಉಳಿಯಿತು. ಅವರು ಹೇಳಿದರು, ನಾನು ಕೇಳಿದೆ.

ಪೊರ್ಬುಗಳು ಹೊಸ ಕಾನ್‌ಸ್ಟೇಬಲ್ ಆಗಿದ್ದಾಗಿನ ಮಾತು. ಕಾಪುವಿನ ಕಡೆಯ ಒಂದು ಕ್ರೈಸ್ತರ ಮನೆಯಲ್ಲಿ ಒಂಬತ್ತು ವರ್ಷದ ಹುಡುಗ ಬೆಳಿಗ್ಗೆ ನೀರಿಗೆ ಹೋಗಿ ಬಾವಿಯ ಮೆಟ್ಟಿಲಿನಲ್ಲಿ ಜಾರಿ ಸತ್ತನೆಂದು ಸುದ್ದಿ ಬಂತು. ಹೆಡ್‌ಕಾನ್‌ಸ್ಟೇಬಲ್ ಒಬ್ಬರ ಜತೆ ಇವರು ಹೋದರು. ಹೋದಾಗ ಹೆಣದ ಸುತ್ತ ತೇರ್ಸ್ ನಡೆಯುತ್ತಿತ್ತು. ತೇರ್ಸ್ ಎಂದರೆ ಜಪಮಾಲೆಯ ಪ್ರಾರ್ಥನೆ. ಮನೆಮಂದಿಯೆಲ್ಲ ಮೊಣಕಾಲೂರಿ ಹೇಳುವಂಥದ್ದು. ಹುಡುಗನ ಅಪ್ಪನೇ ಹೇಳಿಕೊಡುತ್ತಿದ್ದ, ಸ್ವರ ಒಂದಿಷ್ಟೂ ನಡುಗುತ್ತಿರಲಿಲ್ಲ. ಹೆಡ್‌ಕಾನ್‌ಸ್ಟೇಬಲ್ ಹಿಂದೂ ಮನುಷ್ಯ, ದೇವರ ಕೆಲಸಕ್ಕೆ ಅಡ್ಡಿ ಬೇಡವೆಂದು ಚಪ್ಪಲಿ ಬಿಚ್ಚಿ ಅಂಗಳದಲ್ಲಿ ನಿಂತರು. ಪೊರ್ಬುಗಳು ಟೋಪಿ ತೆಗೆದು ಒಳಗೆ ಹೋಗಿ ಮೊಣಕಾಲೂರಿದರು.

"ಪೊಲೀಸ್ ಆಗಿ ಹೋದದ್ದು, ಕ್ರಿಸ್ತಾಂವ್ ಆಗಿ ಕೂತದ್ದು" ಎಂದರು. "ತೇರ್ಸ್ ಅರ್ಧಕ್ಕೆ ನಿಲ್ಲಿಸ್ಲಿಕ್ಕೆ ಬಾಯಿ ಬರುವುದಿಲ್ಲ ನಮಗೆ. ಮುಗಿಯುವಾಗ ಎಲ್ಲರ ಹತ್ರವೂ ಒಂದೇ ಮಾತು. ಜಾರಿ ಬಿದ್ದ, ಜಾರಿ ಬಿದ್ದ. ಅದನ್ನೂ ತೇರ್ಸಿನ ಹಾಗೇ ಹೇಳ್ತಿದ್ದರು."

ತೇರ್ಸ್ ಮುಗಿದ ಮೇಲೆ ಅವರಲ್ಲೊಂದು ಪದ್ಧತಿ. ಮಕ್ಕಳು ಕೈಮುಗಿದುಕೊಂಡು ದೊಡ್ಡವರೊಬ್ಬೊಬ್ಬರ ಮುಂದೆಯೂ ನಿಂತು ಬೆಸಾಂವ್, ಅಂದರೆ ಆಶೀರ್ವಾದ ಕೇಳುತ್ತಾರೆ. ದೊಡ್ಡವರು ತಲೆಯ ಮೇಲೆ ಕೈ ಎತ್ತಿ "ದೇವ್ ಬರೆಂ ಕರುಂ" ಎನ್ನುತ್ತಾರೆ, ದೇವರು ಒಳ್ಳೆಯದು ಮಾಡಲಿ ಎಂದು. ಅದು ದಿನದಿನದ ಸಂಜೆಯ ರೂಢಿ. ಆ ಬೆಳಿಗ್ಗೆ ಅದು ಯಾರಿಗೂ ನೆನಪಿರಲಿಲ್ಲ, ಸತ್ತವನ ಪುಟ್ಟ ತಂಗಿಗೆ ಮಾತ್ರ ನೆನಪಿತ್ತು. ಅಳುವವರ ನಡುವೆ ಅವಳು ಒಬ್ಬೊಬ್ಬರ ಮುಂದೆಯೂ ಕೈಮುಗಿದು ನಿಲ್ಲುತ್ತ ಬಂದಳು. ಖಾಕಿ ತೊಟ್ಟ ಹೊಸ ಕಾನ್‌ಸ್ಟೇಬಲ್ಲನ ಮುಂದೆಯೂ ನಿಂತಳು. ಇವರು ಕೈ ಎತ್ತಿದರು. ಅವಳ ಎಡ ಮೊಣಕೈ ಎದ್ದು ಮುಖಕ್ಕೆ ಅಡ್ಡ ಬಂತು.

"ಯೂನಿಫಾರ್ಮಿಗೆ ಹೆದರಿತು ಅಂತ ತಿಳ್ಕೊಂಡೆ ಮಾರಾಯ್ತಿ. ಹೊರಗೆ ಹೋಗಿ ಹೆಡ್‌ಕಾನ್‌ಸ್ಟೇಬಲ್ಲಿಗೆ ಹೇಳ್ಲೂ ಇಲ್ಲ. ನನಗೇ ಮಕ್ಕಳಾದ ಮೇಲೆ ಗೊತ್ತಾಯಿತು, ಹೆದರಿದ ಮಗು ಹಿಂದೆ ಓಡ್ತದೆ. ಪೆಟ್ಟು ತಿಂದು ಗೊತ್ತಿರುವ ಮಗು ಮಾತ್ರ ನಿಂತಲ್ಲೇ ಮೊಣಕೈ ಎತ್ತುತ್ತದೆ. ಅದಕ್ಕೆ ಓಡ್ಲಿಕ್ಕೆ ಜಾಗ ಇಲ್ಲ ಅಂತ ಗೊತ್ತುಂಟು. ಇವತ್ತು ಆ ಮೊಣಕೈ ಎದ್ದಾಗ ಮುಖವೂ ಗುರುತು ಸಿಕ್ಕಿತು."

ಅಂಗೈ ತೋರಿಸುವ ರೂಢಿ ಎಲ್ಲಿಂದ ಬಂತು, ಯಾರಿಗೂ ಬೇಡವಾದ ಕೋಣೆಯನ್ನು ಯಾಕೆ ಕೇಳಿ ಪಡೆದರು, ಎರಡೂ ನನಗೆ ಅಂದು ಗೊತ್ತಾಯಿತು.

ಹಳೆಯ ಕೇಸನ್ನು ತೆರೆಯುವುದು ಸುಲಭವಲ್ಲ. "ಪೊರ್ಬುಗಳೇ, ಸುಮ್ಮನೆ ಇದ್ದದ್ದನ್ನು ಕೆದಕುವುದೆಂತಕ್ಕೆ? ನಿವೃತ್ತಿಯ ಸಮಯ" ಎಂದು ಒಬ್ಬರು, "ಆ ಹುಡುಗನ ಅಪ್ಪ ಊರಿಗೆ ಬೇಕಾದವ" ಎಂದು ಇನ್ನೊಬ್ಬರು. ಎಸ್ಪಿ ಸಾಹೇಬರು ಮಾತ್ರ ಎಲ್ಲ ಕೇಳಿ, "ನೋಡಿ" ಎಂದು ಒಂದೇ ಮಾತಿನಲ್ಲಿ ಒಪ್ಪಿದರು. ಮರುತನಿಖೆಗೆ ನ್ಯಾಯಾಲಯದ ಅನುಮತಿ ಸಿಕ್ಕಿತು. ಆದರೆ ಸಾಕ್ಷಿ ಎಲ್ಲಿಂದ ತರುವುದು? ಹುಡುಗನನ್ನು ಹೂಳಿದಲ್ಲಿ ಆಮೇಲೆ ಬೇರೆಯವರನ್ನು ಹೂಳಿದ್ದರು. ಬಾವಿಗೆ ಹೊಸ ಕಟ್ಟೆ ಬಂದಿತ್ತು. ಅಂದು ಬಂದಿದ್ದ ಹೆಡ್‌ಕಾನ್‌ಸ್ಟೇಬಲ್ ಸತ್ತು ವರ್ಷಗಳಾಗಿದ್ದವು. ತಂಗಿಗೆ, ಅಂದರೆ ಪುಟ್ಟಿಯ ತಾಯಿಗೆ, ನೆನಪಿದ್ದದ್ದು ರಾತ್ರಿ ಕೇಳಿದ ಒಂದು ಶಬ್ದ, ತಾಯಿಯ ಬಾಯನ್ನು ಯಾರೋ ಮುಚ್ಚಿದ್ದು, ಇಷ್ಟೇ. ಅಂದು ಆರು ವರ್ಷದವಳಾಗಿದ್ದ ಮಗುವಿನ ನೆನಪು ಕೋರ್ಟಿನಲ್ಲಿ ಎಷ್ಟು ನಿಲ್ಲುತ್ತದೆ ಎಂದು ನಮಗೇ ಗೊತ್ತಿತ್ತು. ಎಲ್ಲವನ್ನೂ ಕಂಡವಳು ಒಬ್ಬಳೇ, ಹುಡುಗನ ತಾಯಿ.

ಆ ಮನೆಗೆ ಎಷ್ಟು ಸಲ ಹೋದೆವೋ. ಆ ತಾಯಿ, ಈಗ ಪುಟ್ಟಿಯ ಅಜ್ಜಿ, ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ಬೆರಳು ನಿಲ್ಲುತ್ತಿರಲಿಲ್ಲ, ತಲೆ ಏಳುತ್ತಿರಲಿಲ್ಲ. "ನನಗೆಂತ ಗೊತ್ತಿಲ್ಲ" ಎನ್ನುವುದೊಂದೇ ಉತ್ತರ. ಗಂಡ, ಬಿಳಿ ಅಂಗಿಯ ಮುದುಕ, ಆರಾಮ ಕುರ್ಚಿಯಿಂದ ನಮಗೆ ಶರಬತ್ತು ತರಿಸುತ್ತಿದ್ದ. ನನಗೆ ತಾಳ್ಮೆ ಕಡಿಮೆ. "ಕರೆದುಕೊಂಡು ಹೋಗಿ ಗಟ್ಟಿಯಾಗಿ ಕೇಳುವ ಪೊರ್ಬುಗಳೇ" ಎಂದೆ. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅಂದೇ. "ಗಟ್ಟಿಯಾಗಿ ಕೇಳುವವರನ್ನು ಅವರು ಐವತ್ತು ವರ್ಷದಿಂದ ನೋಡ್ತಾ ಇದ್ದಾರೆ" ಎಂದರು.

ಅತ್ತ ಪರ್ಕಳದಲ್ಲಿ ಇನ್ನೊಂದು ಕೇಸು. ಮಕ್ಕಳ ಕಲ್ಯಾಣ ಸಮಿತಿಯವರು ಪುಟ್ಟಿಯನ್ನು ತಾಯಿಯಿಂದ ಬಿಡಿಸುವ ಯೋಚನೆಯಲ್ಲಿದ್ದರು. ಅದು ತಪ್ಪಲ್ಲ, ಗುರುತು ತೋಳಿನ ಮೇಲೆಯೇ ಇತ್ತಲ್ಲ. ತಾಯಿ ತಾನಾಗಿ ಬಂದು ಹೇಳಿದ್ದರಿಂದ, ಮಣಿಪಾಲದ ಡಾಕ್ಟರಮ್ಮನ ಹತ್ತಿರ ತಪ್ಪದೆ ಹೋಗಬೇಕು, ಗಂಡನ ಅಕ್ಕ ಬಂದು ಜತೆಗಿರಬೇಕು, ವಾರಕ್ಕೊಮ್ಮೆ ನಾನು ಹೋಗಿ ನೋಡಬೇಕು ಎಂಬ ಷರತ್ತಿನ ಮೇಲೆ ಸದ್ಯಕ್ಕೆ ಬಿಟ್ಟರು. ತಾಯಿಯ ಮೇಲಿನ ದೂರು ದಾಖಲಾಗಿಯೇ ಇತ್ತು. ಪಾಪ ಬೇರೆ, ಕೇಸು ಬೇರೆ.

ಅವಳು ಒಮ್ಮೆ ನನಗೆ ಹೇಳಿದಳು: "ಅಪ್ಪನ ಪೆಟ್ಟಿಗೇ ಅಣ್ಣ ಸತ್ತದ್ದು ಹೌದು ಅಂತ ಅಮ್ಮ ಒಂದು ಸಲ ಹೇಳಿದರೆ ಸಾಕು ಅಕ್ಕ. ಇಲ್ಲದಿದ್ದರೆ ಹೊಡೆಯುವುದೇ ಮಕ್ಕಳನ್ನು ಸಾಕುವುದು ಅಂತ ನನ್ನ ಕೈ ನಂಬ್ತದೆ."

ಅವಳ ಅಣ್ಣ ಸತ್ತ ದಿನ ಬಂತು. ಪ್ರತಿವರ್ಷ ಅಂದು ಆ ಮನೆಯಲ್ಲಿ ಅವನ ಹೆಸರಿನಲ್ಲಿ ಸಂಜೆ ತೇರ್ಸ್ ಉಂಟು. ಮದುವೆಯಾದ ಮೇಲೆ ಹೋಗದಿದ್ದವಳು ಈ ಸಲ ಹೋಗುತ್ತೇನೆ ಎಂದಳು. ಪುಟ್ಟಿಯನ್ನು ಕರೆತರಬೇಡ ಎಂದು ಪೊರ್ಬುಗಳು ಎರಡೆರಡು ಸಲ ಹೇಳಿದ್ದರು. ಜತೆಗಿದ್ದ ಗಂಡನ ಅಕ್ಕನಿಗೆ ಜ್ವರ, ಬಿಟ್ಟು ಬರಲು ಬೇರೆ ಯಾರೂ ಇರಲಿಲ್ಲ, ಕರೆದುಕೊಂಡೇ ಬಂದಳು. ನಾವೂ ಸಾದಾ ಉಡುಪಿನಲ್ಲಿ ಹೋದೆವು. ತೇರ್ಸಿಗೆ ಬಂದವರನ್ನು ಯಾವ ಕ್ರೈಸ್ತ ಮನೆಯೂ ಹೊರಗೆ ಹಾಕುವುದಿಲ್ಲ. ಪೊರ್ಬುಗಳು ಮೊಣಕಾಲೂರಿದರು. ನಾನು ಬಾಗಿಲ ಬಳಿ ಕಾಲು ಮಡಚಿ ಕೂತೆ.

ತೇರ್ಸ್ ಮುಗಿಯಿತು. ಪುಟ್ಟಿ ಕೈಮುಗಿದುಕೊಂಡು ಎದ್ದಳು. ಮೊದಲು ಅಜ್ಜಿಯ ಮುಂದೆ. ಆಮೇಲೆ ಅಜ್ಜನ ಕಡೆ ತಿರುಗಿದವಳ ಭುಜವನ್ನು ತಾಯಿ ಹಿಡಿದು ಈಚೆ ಸರಿಸಿದಳು. ಮುದುಕ ಎತ್ತಿದ್ದ ಕೈ ಹಾಗೇ ಉಳಿಯಿತು. ಪುಟ್ಟಿ ಪೊರ್ಬುಗಳ ಮುಂದೆ ಬಂದಳು. ಅವರು ಹೊಟ್ಟೆಯ ಮಟ್ಟದಲ್ಲಿ ಅಂಗೈ ಬಿಚ್ಚಿ ತೋರಿಸಿ, ನಿಧಾನವಾಗಿ ಎತ್ತಿ, "ದೇವ್ ಬರೆಂ ಕರುಂ" ಎಂದರು. ಮಗು ಚೆನ್ನಾಗಿಯೇ ನಿಂತಿತ್ತು. ಕೊನೆಗೆ ತನ್ನ ತಾಯಿಯ ಮುಂದೆ ನಿಂತು "ಬೆಸಾಂವ್ ದೀ ಮಮ್ಮಾ" ಎಂದಿತು.

ತಾಯಿ ಕೈ ಎತ್ತಿದಳು. ಪುಟ್ಟಿಯ ಎಡ ಮೊಣಕೈ ಎದ್ದು ಮುಖಕ್ಕೆ ಅಡ್ಡ ಬಂತು.

ತಾಯಿಯ ಕೈ ಮೇಲೆಯೇ ಉಳಿಯಿತು. ಅಜ್ಜಿ ಗೋಡೆ ಹಿಡಿದು ಎದ್ದು ಬಂದು, ಮಗುವಿನ ಆ ಮೊಣಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿದರು.

"ನನ್ನ ಮಗ ಹೀಗೇ ಎತ್ತುತ್ತಿದ್ದ" ಎಂದರು. ಆಮೇಲೆ ಪೊರ್ಬುಗಳ ಕಡೆ ತಿರುಗಿ, "ಬರೆದುಕೋ ಪುತಾ" ಎಂದರು.

ಮುದುಕ ಏನೋ ಗದರಿದ. ಅಜ್ಜಿ ಅವನ ಕಡೆ ನೋಡಲೂ ಇಲ್ಲ. ಪುಟ್ಟಿಯನ್ನು ನಾನು ಹೊರಗೆ ಕರೆದುಕೊಂಡು ಹೋದೆ. ಒಳಗಿನಿಂದ ಕೇಳುತ್ತಿತ್ತು. ಅಂದು ಹಗಲು ಅಪ್ಪ ಅಮ್ಮನಿಗೆ ಹೊಡೆದಿದ್ದ. ಸಂಜೆ ತೇರ್ಸ್ ಮುಗಿದಾಗ ಹುಡುಗ ಎಲ್ಲರ ಹತ್ತಿರವೂ ಬೆಸಾಂವ್ ಕೇಳಿ, ಅಪ್ಪನ ಮುಂದೆ ಮಾತ್ರ ಕೈಮುಗಿಯಲಿಲ್ಲ. "ಅಷ್ಟೇ ಪುತಾ. ಕೇಳ್ಲಿಲ್ಲ, ಅಷ್ಟೇ" ಎಂದು ಅಜ್ಜಿ ಮತ್ತೆ ಮತ್ತೆ ಹೇಳುತ್ತಿದ್ದರು. ಹೊಡೆದ ಹೊಡೆತಕ್ಕೆ ಹುಡುಗ ಮನೆಯ ಕೆಂಪುಕಲ್ಲಿನ ಮೆಟ್ಟಿಲಿಗೆ ಬಿದ್ದ. ರಾತ್ರಿಯೆಲ್ಲ ಡಾಕ್ಟರ ಹತ್ತಿರ ಒಯ್ಯಲು ಬಿಡಲಿಲ್ಲ. ಬೆಳಗಾಗುವಾಗ ಉಸಿರಿರಲಿಲ್ಲ. ಬಾವಿಯವರೆಗೆ ಹೊತ್ತುಕೊಂಡು ಹೋದದ್ದು ಇಬ್ಬರೂ. "ಕಾಲು ನಾನು ಹಿಡಿದದ್ದು" ಎಂದರು ಅಜ್ಜಿ. ಅಂಗಳದಲ್ಲಿ ಪುಟ್ಟಿ ನನ್ನ ಕೈಬೆರಳನ್ನು ಹಿಡಿದುಕೊಂಡು ಉದುರಿದ ಮಲ್ಲಿಗೆ ಹೆಕ್ಕುತ್ತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

ಮಾರನೆಯ ದಿನ ಮುದುಕನನ್ನು ಉಡುಪಿಗೆ ತಂದೆವು. ಹೆದರಿದ್ದನೋ ಇಲ್ಲವೋ, ತೋರಿಸಿಕೊಳ್ಳಲಿಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತಾ? ಮಕ್ಕಳನ್ನು ಬಗ್ಗಿಸಿದೆ, ತಪ್ಪಾ?" ಎಂದು ಕೇಳಿದ.

"ನೀವು ಬಗ್ಗಿಸಿದ್ದಲ್ಲ. ಮುರಿದದ್ದು" ಎಂದರು ಪೊರ್ಬುಗಳು.

ಆಗ ಮುದುಕ ಅಂಗಿಯ ತೋಳು ಮಡಚಿದ. ಎಡಗೈ ಮೊಣಕೈಯಿಂದ ಕೆಳಗೆ ಸೊಟ್ಟ, ಪೂರಾ ನೀಳವಾಗುತ್ತಿರಲಿಲ್ಲ. ಅವನ ಅಪ್ಪ ತೆಂಗಿನ ಮರಕ್ಕೆ ಕಟ್ಟಿ ಹೊಡೆದಾಗ ಮುರಿದದ್ದು, ಏಳೋ ಎಂಟೋ ವರ್ಷದವನಿದ್ದಾಗ. "ಯಾರು ಬಂದರು ನನಗೆ? ಯಾವ ಪೊಲೀಸ್ ಬಂದ?" ಎಂದ. ಹಾಗೆಂದವನು ಅಷ್ಟು ವಯಸ್ಸಿನ ಮೇಲೆ ಮಕ್ಕಳಂತೆ ಬಿಕ್ಕಿದ. ಪೊರ್ಬುಗಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕೂತು, ಅವನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ಚಾ ತರಿಸಿ ಕುಡಿಸಿದರು. ಆಮೇಲೆ ಎದ್ದು ನನಗೆ, "ಅರೆಸ್ಟಿನ ಕೆಲಸ ಮುಗಿಸು" ಎಂದು ಹೇಳಿ ಹೊರಗೆ ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡರು. ಎಷ್ಟು ತೊಳೆದರೂ ಮುಗಿಯಲಿಲ್ಲ ಆ ಮುಖ ತೊಳೆಯುವುದು.

ಆ ಕೇಸು ಈಗ ಕೋರ್ಟಿನಲ್ಲಿ ಉಂಟು. ಅಜ್ಜಿ ಮ್ಯಾಜಿಸ್ಟ್ರೇಟರ ಮುಂದೆಯೂ ಅದೇ ಹೇಳಿಕೆ ಕೊಟ್ಟರು, ತಾನು ಕಾಲು ಹಿಡಿದದ್ದನ್ನೂ ಬಿಡದೆ. ಮುದುಕನಿಗೆ ಕಾಯಿಲೆಯ ಕಾರಣಕ್ಕೆ ಜಾಮೀನು ಸಿಕ್ಕಿದೆ. ತೀರ್ಪು ಏನಾಗುತ್ತದೋ, ನಾನು ಹೇಳುವವಳಲ್ಲ. ಪೊರ್ಬುಗಳಿಗೆ ಅದರ ಕುತೂಹಲವೂ ಅಷ್ಟಕ್ಕಷ್ಟೇ ಇತ್ತು. "ಕೋರ್ಟಿನ ಕೆಲಸ ಕೋರ್ಟು ಮಾಡ್ತದೆ. ನನಗೆ ಆ ಮಗುವಿನ ಮೊಣಕೈ ಇಳಿಯಬೇಕು ಮಾರಾಯ್ತಿ. ಅವಳ ತಾಯಿಯದ್ದು ಇಳಿಸ್ಲಿಕ್ಕೆ ನನಗಾಗ್ಲಿಲ್ಲ. ಇವಳದ್ದು ಇಳಿಯಲೇಬೇಕು" ಎನ್ನುತ್ತಿದ್ದರು.

ಅವರು ನಿವೃತ್ತರಾದರು. ಹಾರ ಹಾಕಿಸಿಕೊಂಡರು, ಯಾರದ್ದೋ ಭಾಷಣಕ್ಕೆ ತೂಕಡಿಸಿದರು, ಬಸ್ಸಿನಲ್ಲೇ ಮನೆಗೆ ಹೋದರು. ನಾನು ಭಾನುವಾರಗಳಲ್ಲಿ ಪರ್ಕಳಕ್ಕೆ ಹೋಗುವುದು ಮುಂದುವರಿಯಿತು. ಪುಟ್ಟಿಯ ಮನೆಯಿಂದ ಹೊರಬಿದ್ದು ಬಸ್‌ಸ್ಟಾಪಿನಲ್ಲಿ ನಿಂತು ಅವರಿಗೆ ಫೋನು ಮಾಡುತ್ತಿದ್ದೆ. ಹಲೋ ಇಲ್ಲ, ಸೌಖ್ಯವಾ ಇಲ್ಲ. ಫೋನು ಎತ್ತಿದೊಡನೆ ಒಂದೇ ಮಾತು, "ಮೊಣಕೈ?"

"ಎದ್ದಿತು ಪೊರ್ಬುಗಳೇ. ಪೆನ್ಸಿಲ್ ಕಳೆದದ್ದಕ್ಕೆ ತಾಯಿ ಹತ್ತಿರ ಹೋದಾಗ."

"ಹೊಡೆದಳಾ?"

"ಇಲ್ಲ. ಹೊಡೆಯದೆ ತಿಂಗಳುಗಳಾಯಿತು. ಆದರೂ ಏಳ್ತದೆ."

"ಏಳ್ತದೆ. ಕೈ ನಿಂತರೂ ಹೆದರಿಕೆ ನಿಲ್ಲುವುದಿಲ್ಲ. ಬರುವ ವಾರ ನೋಡುವ."

ಬರುವ ವಾರವೂ ಅದೇ. ಅದರಾಚೆಯ ವಾರವೂ ಅದೇ. ಪುಟ್ಟಿಯ ತಾಯಿ ಮಣಿಪಾಲಕ್ಕೆ ತಪ್ಪದೆ ಹೋಗುತ್ತಿದ್ದಳು. ಸಿಟ್ಟು ಬಂದಾಗ ಎರಡೂ ಕೈಗಳನ್ನು ಸಿಂಕಿನ ತಣ್ಣೀರಿಗೆ ಹಿಡಿದು ನಿಲ್ಲುತ್ತಿದ್ದಳು. ಪೊರ್ಬುಗಳು ಒಮ್ಮೆ ಬಂದಾಗ ಅವಳಿಗೆ ಅಂಗೈ ತೋರಿಸುವುದನ್ನು ಕಲಿಸಿಕೊಟ್ಟರು. "ಮೊದಲು ಇಲ್ಲಿ ಬಿಚ್ಚು ಬಾಯೆ. ಖಾಲಿ ಉಂಟು ಅಂತ ಅವಳಿಗೆ ಕಾಣಲಿ. ಆಮೇಲೆ ಎತ್ತು." ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅದನ್ನು ಅಭ್ಯಾಸ ಮಾಡುವುದನ್ನು ನಾನು ಕಂಡಿದ್ದೇನೆ. ತನ್ನ ಮಗಳನ್ನು ಮುಟ್ಟುವುದಕ್ಕೆ ಅಭ್ಯಾಸ ಬೇಕಾಗುವ ತಾಯಿ. ಮೊದಲು ಬೈಯಲು ಹೊರಟಿದ್ದ ನನಗೆ ಅವಳ ಮೇಲೆ ಯಾವಾಗ ಇಷ್ಟು ಅಕ್ಕರೆ ಬಂತೋ ಗೊತ್ತಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಪೊರ್ಬುಗಳಿಗೆ ಹೊಟ್ಟೆಯ ಕಾಯಿಲೆ ಎಂದು ಗೊತ್ತಾಯಿತು. ಆಗಲೇ ಹೆಚ್ಚಾಗಿತ್ತು. ಕಾರ್ಕಳದ ಮನೆಗೆ ನೋಡಲು ಹೋದೆ. ಮಂಚದಲ್ಲಿ ಅರ್ಧ ಮನುಷ್ಯ. ನಾನು ಏನಾದರೂ ಕೇಳುವ ಮೊದಲೇ, "ಮೊಣಕೈ?" ಎಂದರು. ಇಳಿಯಿತು ಎಂದು ಸುಳ್ಳು ಹೇಳಿಬಿಡೋಣ ಅನ್ನಿಸಿತು, ದೇವರಾಣೆ. ಆದರೆ ಅವರ ಕಣ್ಣಿನ ಎದುರು ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾನು ಕಂಡಿಲ್ಲ. "ಏಳ್ತದೆ. ಮೊದಲಿನಷ್ಟು ಮೇಲೆ ಬರುವುದಿಲ್ಲ" ಎಂದೆ. ಅದು ನಿಜವೇ ಆಗಿತ್ತು. ಅವರು ಕಣ್ಣು ಮುಚ್ಚಿ ನಕ್ಕರು. "ಚಾ ಕುಡಿದು ಹೋಗು ಮಾರಾಯ್ತಿ" ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಹೊರಡುವಾಗ ನಾನು ಮಂಚದ ಬಳಿ ತಲೆ ಬಗ್ಗಿಸಿ ನಿಂತೆ. ಕೇಳುವ ಕ್ರಮ ನನಗೆ ಬರುವುದಿಲ್ಲ, ಸುಮ್ಮನೆ ನಿಂತೆ. ಹೊದಿಕೆಯಿಂದ ಕೈ ಹೊರಗೆ ಬಂತು. ಅಂಗೈ ಬಿಚ್ಚಿತು. ಒಂದು ಗಳಿಗೆ ನಿಂತಿತು. ಆಮೇಲೆ ಮೇಲೇರಲು ಶಕ್ತಿ ಸಾಲಲಿಲ್ಲ. ನಾನೇ ಇನ್ನಷ್ಟು ಬಗ್ಗಿ ತಲೆಯನ್ನು ಆ ಕೈಗೆ ಮುಟ್ಟಿಸಿದೆ.

ಅವರನ್ನು ಮಣ್ಣು ಮಾಡಿದ ದಿನ ಇಗರ್ಜಿಗೆ ಪುಟ್ಟಿ ತಾಯಿಯ ಜತೆ ಬಂದಿದ್ದಳು, ಕಪ್ಪು ರಿಬ್ಬನ್ ಕಟ್ಟಿಕೊಂಡು. ಬಿಳಿ ಅಂಗಿಯ ಗಂಡನಿಲ್ಲದೆ ಒಬ್ಬರೇ ಬಂದ ಅಜ್ಜಿಯೂ ಹಿಂದಿನ ಬೆಂಚಿನಲ್ಲಿದ್ದರು. ಬಾಯಮ್ಮ ಅಳಲಿಲ್ಲ, ನನಗೆ ಮಲ್ಲಿಗೆ ಕೊಟ್ಟರು. ಅದನ್ನು ಇಡಲು ಟೋಪಿ ಇರಲಿಲ್ಲ.

ಹೋದ ಭಾನುವಾರ ಪರ್ಕಳಕ್ಕೆ ಹೋಗಿದ್ದೆ. ನನಗೆಂದು ಚಾ ಇಟ್ಟಿದ್ದರು. ಪುಟ್ಟಿ ದೊಡ್ಡ ಮನುಷ್ಯಳ ಹಾಗೆ ತಾನೇ ಹಾಲಿನ ಪಾತ್ರೆಯನ್ನು ತರುತ್ತೇನೆಂದು ಹಟ ಮಾಡಿ ತಂದು, ಹೊಸಿಲು ಎಡವಿ, ಪಾತ್ರೆಯನ್ನೇ ಕೈಬಿಟ್ಟಳು. ಹಾಲು ನೆಲವೆಲ್ಲ ಹರಿದು ತಾಯಿಯ ಕಾಲಿನವರೆಗೆ ಬಂತು. ಎಲ್ಲ ಶುರುವಾದ ಅದೇ ಹಾಲು. ತಾಯಿ ಎದ್ದಳು. ಕಪಾಟಿನ ಮೇಲಿನ ಬಟ್ಟೆಗೆಂದು ಅವಳ ಕೈ ಸರಕ್ಕನೆ ಮೇಲೆದ್ದಿತು. ಗಾಬರಿಯಲ್ಲಿ ಅಂಗೈ ತೋರಿಸುವುದು ಅವಳಿಗೆ ಮರೆತೇಹೋಗಿತ್ತು. ಪುಟ್ಟಿ ಆ ಕೈಯನ್ನು ನೋಡಿದಳು. ತನ್ನ ಎರಡೂ ಕೈಗಳನ್ನು ಸುಮ್ಮನೆ ಇಳಿಬಿಟ್ಟುಕೊಂಡು ನಿಂತೇ ಇದ್ದಳು.

"ನನಗೊಂದು ಬಟ್ಟೆ ಕೊಡು ಮಮ್ಮಾ, ನಾನೂ ಒರೆಸ್ತೇನೆ" ಎಂದಳು.

ತಾಯಿ, ಮಗಳು ಇಬ್ಬರೂ ನೆಲದ ಮೇಲೆ ಕೂತು ಒರೆಸಿದರು. ನಾನು ಹೇಗೋ ಚಾ ಮುಗಿಸಿ ಹೊರಗೆ ಬಂದೆ. ಬಸ್‌ಸ್ಟಾಪಿಗೆ ಬಂದವಳೇ ಫೋನು ತೆಗೆದು ಒತ್ತಿಬಿಟ್ಟೆ. ರಿಂಗ್ ಆಗತೊಡಗಿದ ಮೇಲೆ ಅವರಿಲ್ಲ ಎಂಬುದು ನೆನಪಾಯಿತು. ಅಯ್ಯೋ, ನನ್ನ ಬುದ್ಧಿಗೆಂತ ಹೇಳುವುದು. ಒಂದು ಸಲ ಅವರ ಸ್ವರ ಕೇಳಬೇಕು ಅನ್ನಿಸಿತು, ಒಂದೇ ಒಂದು ಸಲ. ಕಟ್ ಮಾಡಲು ಬೆರಳು ಹೋಗುವಷ್ಟರಲ್ಲಿ ಕಾರ್ಕಳದಲ್ಲಿ ಯಾರೋ ಫೋನು ಎತ್ತಿದರು. ಹಲೋ ಎನ್ನಲಿಲ್ಲ.

"ಮೊಣಕೈ?" ಎಂದು ಬಾಯಮ್ಮ ಕೇಳಿದರು.

"ಎದ್ದಿಲ್ಲ" ಎಂದೆ.

ಅವರು ಎದ್ದು ನಡೆದದ್ದು ಕೇಳಿಸಿತು, ಒಂದು ಬಾಗಿಲು ತೆರೆದದ್ದು, ಮತ್ತೆ ಅವರದ್ದೇ ಸ್ವರ, ದೂರದಿಂದ, ಕೊಂಕಣಿಯಲ್ಲಿ, ಗೋಡೆಯ ಮೇಲಿನ ಫೋಟೋದ ಹತ್ತಿರ ನಿಂತು ಯಾರಿಗೋ ಹೇಳುವ ಹಾಗೆ. ನನಗೆ ಕೊಂಕಣಿ ಅಷ್ಟಾಗಿ ಬರುವುದಿಲ್ಲ. ಮೊಣಕೈ ಎದ್ದಿಲ್ಲ ಎಂದದ್ದು ಮಾತ್ರ ಅರ್ಥವಾಯಿತು.